ಕೊಡಗಿನ ಮಹಾಮಳೆಯನ್ನು ಗಂಟೆಗಂಟೆಗೂ ಹಿಂಬಾಲಿಸುವುದು ಹೇಗೆ: ಬಂಗಾಳ ಕೊಲ್ಲಿಯಿಂದ ಮನೆ ಹಿಂದಿನ ಬರೆಯವರೆಗೆ

2018ರಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಸುತ್ತಮುತ್ತಲ ಗುಡ್ಡಗಳು, 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಸತತ ಮೂರು ವರ್ಷ ಕೊಡಗಿನಲ್ಲಿ ಬೆಟ್ಟ ಜಾರಿ ಜೀವಹಾನಿಯಾದದ್ದು ಆಗಸ್ಟ್ ತಿಂಗಳಲ್ಲೇ, ಅದರಲ್ಲೂ ಬಹುಪಾಲು ಆಶ್ಲೇಷ ಮಳೆಯ ಆಸುಪಾಸಿನ ದಿನಗಳಲ್ಲೇ. ಅಂದಿನಿಂದ ಇಲ್ಲಿ ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಎಂಬ ಮಾತುಗಳು ಎಲ್ಲರ ಬಾಯಲ್ಲೂ ಇವೆ. ಆದರೆ ಇಡೀ ಜಿಲ್ಲೆಗೆ ಕೊಡುವ ಒಂದು ಬಣ್ಣಕ್ಕೂ ನಮ್ಮ ಮನೆಯ ಹಿಂದೆ ನಿಂತಿರುವ ಬರೆಗೂ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಗೂ) ನಡುವೆ ದೊಡ್ಡದೊಂದು ಅಂತರ ಉಳಿದೇ ಇರುತ್ತದೆ. ಆ ಅಂತರವನ್ನು ತುಂಬಬೇಕಾದವರು ಅದೇ ಜಾಗದಲ್ಲಿ ವಾಸಿಸುವವರು. ಮಳೆ ಬರುವ ನಾಲ್ಕು ದಿನ ಮೊದಲಿನಿಂದ ಹಿಡಿದು ಮಳೆ ಬಿಟ್ಟ ಮೂರು ದಿನಗಳವರೆಗೆ ಯಾವ ಹೊತ್ತಿಗೆ ಏನನ್ನು ನೋಡಬೇಕು, ಯಾವುದನ್ನು ಎಷ್ಟು ನಂಬಬೇಕು, ಏನನ್ನು ಬರೆದಿಡಬೇಕು ಎಂಬುದನ್ನು ಈ ಮಾರ್ಗದರ್ಶಿ ವಿವರಿಸುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜಿಲ್ಲಾಡಳಿತವೋ ಪಂಚಾಯಿತಿಯೋ ಮನೆ ಬಿಡಿ ಎಂದು ಹೇಳಿದ ಮೇಲೆ ಈ ಲೆಕ್ಕಗಳಿಗೆಲ್ಲ ಕೆಲಸವಿಲ್ಲ, ಆಗ ಹೊರಡುವುದೊಂದೇ ದಾರಿ. ಮಳೆಯನ್ನು ಹಿಂಬಾಲಿಸುವ ಕೆಲಸ ಇರುವುದು ಇನ್ನೂ ಯಾರೂ ಬಂದು ಹೇಳದಿರುವ, ಹೇಳಲು ಬರುವ ರಸ್ತೆಯೇ ಮುಚ್ಚಿಹೋಗಿರಬಹುದಾದ ಗಂಟೆಗಳಿಗಾಗಿ.

ಮಳೆಗಾಲಕ್ಕೆ ಮೊದಲು ತಿಳಿದುಕೊಳ್ಳಬೇಕಾದದ್ದು

ಮೇ ತಿಂಗಳಲ್ಲಿ, ನೆಲ ಒಣಗಿರುವಾಗಲೇ, ನಿಮ್ಮ ಜಾಗದ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಗುರುತಿಸಿಕೊಳ್ಳಿ. ಕೊಡಗು ಚಿಕ್ಕ ಜಿಲ್ಲೆಯಾದರೂ ಇಲ್ಲಿನ ನೀರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಭಾಗಮಂಡಲದ ಮಳೆ ಬೇತ್ರಿ, ಸಿದ್ದಾಪುರ, ಕರಡಿಗೋಡು, ನೆಲ್ಯಹುದಿಕೇರಿ, ದುಬಾರೆ ಹಾದು ಕಾವೇರಿಯಾಗಿ ಕುಶಾಲನಗರಕ್ಕೆ ಬರುತ್ತದೆ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರದ ಮಳೆ ಹಾರಂಗಿ ಜಲಾಶಯ ಸೇರುತ್ತದೆ. ಇರ್ಪು, ಶ್ರೀಮಂಗಲ ಕಡೆಯದು ಲಕ್ಷ್ಮಣತೀರ್ಥಕ್ಕೆ ಇಳಿದು ನಿಟ್ಟೂರು, ಬಾಳೆಲೆಯ ಗದ್ದೆಗಳನ್ನು ಮುಳುಗಿಸುತ್ತದೆ. ಸಂಪಾಜೆ ಕಡೆಯ ಪಯಸ್ವಿನಿ ಪಡುವಣಕ್ಕೆ ತಿರುಗಿ ಸುಳ್ಯದತ್ತ ಹೋಗುತ್ತದೆ. ಇದನ್ನು ತಿಳಿಯದವರು ತಮ್ಮ ಅಂಗಳದ ಆಕಾಶವನ್ನಷ್ಟೇ ನೋಡುತ್ತಾರೆ. ಕುಶಾಲನಗರ ಮಳೆ ನೆರಳಿನ ಊರು. ಅಲ್ಲಿ ಬರಿಯ ತುಂತುರು ಇದ್ದ ದಿನವೂ ಬಡಾವಣೆಗಳಿಗೆ ನೀರು ನುಗ್ಗಬಹುದು, ಏಕೆಂದರೆ ಆ ನೀರು ಅಲ್ಲಿಯ ಮಳೆಯದ್ದಲ್ಲ.

ಎರಡನೆಯದು ಬರೆ. ಮನೆ ಕಟ್ಟಲು, ಅಂಗಳ ಅಗಲ ಮಾಡಲು, ರಸ್ತೆ ಎಳೆಯಲು ಗುಡ್ಡ ಕಡಿದ ಜಾಗವೇ ಕೊಡಗಿನಲ್ಲಿ ಮೊದಲು ಜಾರುವುದು. ಮನೆಯ ಹಿಂದಿನ ಬರೆ ಎಷ್ಟು ಎತ್ತರವಿದೆ, ಅದರ ಬುಡಕ್ಕೂ ಗೋಡೆಗೂ ನಡುವೆ ಎಷ್ಟು ಅಂತರವಿದೆ, ಮೇಲಿನ ತೋಟದ ನೀರು ಯಾವ ಚರಂಡಿಯಲ್ಲಿ ಇಳಿಯುತ್ತದೆ, ಆ ಚರಂಡಿ ಕಟ್ಟಿಕೊಂಡರೆ ನೀರು ಎತ್ತ ತಿರುಗುತ್ತದೆ ಎಂಬುದನ್ನು ನಡೆದು ನೋಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ‘ಭೂಸಂಕೇತ್’ ಜಾಲತಾಣದಲ್ಲಿ ಭೂಕುಸಿತದ ಸಾಧ್ಯತೆಯನ್ನು ತೋರಿಸುವ ನಕ್ಷೆಗಳಿವೆ. ಅವು ದೊಡ್ಡ ಗುಡ್ಡದ ಸ್ವಭಾವವನ್ನು ಹೇಳುತ್ತವೆಯೇ ಹೊರತು ನೀವು ಕಳೆದ ವರ್ಷ ಜೆಸಿಬಿ ತಂದು ಕಡಿಸಿದ ಬರೆಯನ್ನು ತೋರಿಸುವುದಿಲ್ಲ.

ಮೂರನೆಯದು ಹಳೆಯ ಲೆಕ್ಕ. ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವ ರೂಢಿ ಕೊಡಗಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಇದೆ. ನಿಮ್ಮಲ್ಲಿ ಅಂಥ ಪುಸ್ತಕವಿಲ್ಲದಿದ್ದರೆ ಪಕ್ಕದ ಎಸ್ಟೇಟಿನಲ್ಲಿ ಖಂಡಿತ ಇರುತ್ತದೆ. ಕೇಳಿ, 2018ರ ಆಗಸ್ಟ್ 10ರಿಂದ 18ರವರೆಗಿನ ಪುಟವನ್ನು ನಕಲು ಮಾಡಿಕೊಳ್ಳಿ. ನಿಮ್ಮ ಸುತ್ತಲಿನ ನೆಲ ಎಷ್ಟು ಮಳೆಯನ್ನು ತಡೆದುಕೊಂಡಿತು, ಎಷ್ಟಕ್ಕೆ ಕೈಬಿಟ್ಟಿತು ಎಂಬುದಕ್ಕೆ ಆ ಪುಟಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ನಾಲ್ಕು ದಿನ ಮೊದಲು: ಒಡಿಶಾದ ಕಡೆ ಕಣ್ಣಿಡಿ

ಕೊಡಗಿಗೆ ಮಳೆ ಬರುವುದು ಅರಬ್ಬಿ ಸಮುದ್ರದ ಕಡೆಯಿಂದ. ಆದರೆ ಅದನ್ನು ಜೋರಾಗಿ ಎಳೆದು ತರುವ ಶಕ್ತಿ ಅನೇಕ ಸಲ ಬಂಗಾಳ ಕೊಲ್ಲಿಯಲ್ಲಿರುತ್ತದೆ. ಕೊಲ್ಲಿಯ ವಾಯವ್ಯ ಭಾಗದಲ್ಲಿ, ಒಡಿಶಾ ಕರಾವಳಿಯ ಬಳಿ, ವಾಯುಭಾರ ಕುಸಿದಾಗ ಅದರತ್ತ ಧಾವಿಸುವ ಪಶ್ಚಿಮದ ಗಾಳಿ ಬಲಗೊಂಡು, ತೇವವನ್ನು ಹೊತ್ತು ಬಂದು ಘಟ್ಟದ ಗೋಡೆಗೆ ನೇರವಾಗಿ ಬಡಿಯುತ್ತದೆ. 2018ರ ಆಗಸ್ಟ್ ಮಧ್ಯದಲ್ಲಿ ಒಡಿಶಾ ಕರಾವಳಿಯಲ್ಲಿ ವಾಯುಭಾರ ಕುಸಿತವಿತ್ತು, 2019ರ ಆಗಸ್ಟ್ ಮೊದಲ ವಾರದಲ್ಲೂ ಅದೇ ಭಾಗದಲ್ಲಿ ತೀವ್ರ ವಾಯುಭಾರ ಕುಸಿತ ಉಂಟಾಗಿತ್ತು. ಇದರ ಜೊತೆಗೆ ಗುಜರಾತಿನಿಂದ ಕೇರಳದವರೆಗೆ ಕಡಲ ತೀರದುದ್ದಕ್ಕೂ ಕಡಿಮೆ ಒತ್ತಡದ ಪಟ್ಟಿಯೊಂದು ಹಾಸಿಕೊಂಡರೆ ಕರಾವಳಿ ಮತ್ತು ಮಲೆನಾಡು ಎರಡಕ್ಕೂ ಮಳೆ ಹಿಡಿಯುತ್ತದೆ. ಹವಾಮಾನ ಇಲಾಖೆಯ ದೈನಂದಿನ ವರದಿಯಲ್ಲಿ ಈ ಎರಡೂ ಮಾತುಗಳು ಒಂದೇ ದಿನ ಕಾಣಿಸಿಕೊಂಡರೆ ಆ ವಾರದ ಉಳಿದ ಕೆಲಸಗಳನ್ನು ಸ್ವಲ್ಪ ಹಿಂದಕ್ಕೆ ಹಾಕಿಕೊಳ್ಳುವುದು ಜಾಣತನ.

ವಿಂಡಿಯಂಥ ತಾಣಗಳಲ್ಲಿ ಗಾಳಿಯ ನಕ್ಷೆ ನೋಡುವವರು ನೆಲಮಟ್ಟದ ಗಾಳಿಯನ್ನು ಬಿಟ್ಟು 850 ಹೆಕ್ಟೊಪ್ಯಾಸ್ಕಲ್ ಮಟ್ಟವನ್ನು ಆರಿಸಿಕೊಳ್ಳಬೇಕು. ಅದು ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿ, ಅಂದರೆ ಮಡಿಕೇರಿಯ ಬೆಟ್ಟಗಳ ತಲೆಯ ಮೇಲೆ ಹಾದುಹೋಗುವ ಗಾಳಿ. ಅದು ಪಶ್ಚಿಮದಿಂದ ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ ಒಂದಲ್ಲ, ಎರಡು ಮೂರು ದಿನ ಎಡೆಬಿಡದೆ ಬೀಸುವ ಸೂಚನೆ ಇದೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಮಳೆ ಎಷ್ಟು ಮಿಲಿಮೀಟರ್ ಎಂದು ಆ ತಾಣಗಳು ಊರಿಗೊಂದರಂತೆ ಕೊಡುವ ಅಂಕಿಯನ್ನು ನಾಲ್ಕು ದಿನ ಮೊದಲೇ ನಂಬಬೇಕಾಗಿಲ್ಲ. ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ಯುರೋಪಿನ ಮಾದರಿ ಮತ್ತು ಅಮೆರಿಕದ ಮಾದರಿ ಎರಡೂ ಒಂದೇ ಬಗೆಯ ಗಾಳಿಯನ್ನು ತೋರಿಸುತ್ತಿದ್ದರೆ, ಒಂದು ದಿನ ತೋರಿಸಿದ್ದನ್ನು ಮರುದಿನವೂ ತೋರಿಸುತ್ತಿದ್ದರೆ, ಆಗ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಒಂದೇ ಮಾದರಿಯ ಒಂದೇ ದಿನದ ಕೆಂಪು ಬಣ್ಣದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿ ಊರನ್ನು ಹೆದರಿಸುವುದರಿಂದ ಮುಂದಿನ ಸಲ ನಿಜವಾದ ಎಚ್ಚರಿಕೆಗೂ ಬೆಲೆ ಇಲ್ಲವಾಗುತ್ತದೆ.

ಹಿಂದಿನ ದಿನ: ಬಣ್ಣವನ್ನು ಇಂಚಿಗೆ ಇಳಿಸಿಕೊಳ್ಳಿ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಅದು ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ, ಅದಕ್ಕೂ ಮೀರಿದರೆ ಅತ್ಯಂತ ಭಾರಿ ಮಳೆ. ನಮ್ಮ ತೋಟದ ಲೆಕ್ಕಕ್ಕೆ ತಂದುಕೊಂಡರೆ ಇವು ಹೆಚ್ಚುಕಡಿಮೆ ಎರಡೂವರೆ ಇಂಚು, ನಾಲ್ಕೂವರೆ ಇಂಚು ಮತ್ತು ಎಂಟು ಇಂಚಿನ ಗೆರೆಗಳು. ಒಂದು ಇಂಚಿಗೆ 25.4 ಮಿ.ಮೀ., ನೂರು ಸೆಂಟಿಗೆ ಒಂದು ಇಂಚು. ಈ ಮೂರು ಗೆರೆಗಳನ್ನು ರೈನ್‌ಗೇಜ್ ಇಡುವ ಜಾಗದ ಪಕ್ಕದ ಗೋಡೆಯ ಮೇಲೆ ಬರೆದಿಟ್ಟರೆ ಬೆಳಗಿನ ಅವಸರದಲ್ಲಿ ಗುಣಾಕಾರ ಮಾಡುವ ಕಷ್ಟ ತಪ್ಪುತ್ತದೆ.

ಬಣ್ಣ ಮಾತ್ರ ಮಳೆಯ ಪ್ರಮಾಣವನ್ನಷ್ಟೇ ಹೇಳುವುದಿಲ್ಲ. ಯೆಲ್ಲೋ ಎಂದರೆ ಗಮನವಿರಲಿ, ಆರೆಂಜ್ ಎಂದರೆ ಸಿದ್ಧರಾಗಿ, ರೆಡ್ ಎಂದರೆ ಕ್ರಮ ಕೈಗೊಳ್ಳಿ ಎಂದು ಅರ್ಥ. ಹಿಂದಿನ ವಾರವೆಲ್ಲ ಮಳೆ ಸುರಿದು ನೆಲ ನೆನೆದಿರುವಾಗ ಬರುವ ಆರೆಂಜ್, ಜೂನ್ ಮೊದಲ ವಾರದ ರೆಡ್‌ಗಿಂತ ನಿಮ್ಮ ಬರೆಗೆ ಹೆಚ್ಚು ಅಪಾಯ ತರಬಲ್ಲದು.

ವರದಿಯಲ್ಲಿ ‘ಒಂದೆರಡು ಕಡೆ ಅತ್ಯಂತ ಭಾರಿ ಮಳೆ’ ಎಂಬ ಮಾತನ್ನು ಓದಿ ಹಗುರವಾಗಿ ಬಿಟ್ಟುಬಿಡುವವರೇ ಹೆಚ್ಚು. ಆ ಮಾತಿನ ಅರ್ಥ ಅಳತೆ ಕೇಂದ್ರಗಳ ಪೈಕಿ ಕಾಲು ಭಾಗದಷ್ಟು ಅಥವಾ ಅದಕ್ಕಿಂತ ಕಡಿಮೆ ಕಡೆಗಳಲ್ಲಿ ಅಷ್ಟು ಮಳೆ ಬೀಳಬಹುದು ಎಂದು. ಬಯಲು ಸೀಮೆಯಲ್ಲಿ ಆ ಒಂದೆರಡು ಕಡೆ ಯಾವುದೆಂದು ಮೊದಲೇ ಹೇಳಲಾಗದು. ಕೊಡಗಿನಲ್ಲಿ ಅದನ್ನು ಬಹುಮಟ್ಟಿಗೆ ಊಹಿಸಬಹುದು: ಘಟ್ಟದ ಅಂಚಿನಲ್ಲಿರುವ ಭಾಗಮಂಡಲ, ಸುರ್ಲಬ್ಬಿ, ಶಾಂತಳ್ಳಿ, ಹುದಿಕೇರಿ, ಶ್ರೀಮಂಗಲ. ನೀವು ಇರುವುದು ಅಲ್ಲೋ, ಅಲ್ಲಿಯ ನೀರು ಇಳಿದು ಬರುವ ದಾರಿಯಲ್ಲೋ ಆಗಿದ್ದರೆ ಆ ‘ಒಂದೆರಡು ಕಡೆ’ಯಲ್ಲಿ ನಿಮ್ಮದೂ ಒಂದು ಎಂದೇ ಎಣಿಸಿಕೊಳ್ಳಿ.

ಇನ್ನೊಂದು ಗೊಂದಲ ದಿನಾಂಕದ್ದು. ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. 16ನೇ ತಾರೀಖಿನ ಲೆಕ್ಕವೆಂದು ಪ್ರಕಟವಾಗುವ ಅಂಕಿಯಲ್ಲಿ ಇರುವುದು ಬಹುತೇಕ 15ರ ಹಗಲು ಮತ್ತು ರಾತ್ರಿಯ ಮಳೆ. ಹಾಗಾಗಿ ನೀವು ನಿನ್ನೆಯ ಪತ್ರಿಕೆಯ ಅಂಕಿಯನ್ನು ಇಂದಿನ ಪರಿಸ್ಥಿತಿಗೆ ಹೊಂದಿಸಿ ನೋಡುತ್ತಿದ್ದರೆ ಒಂದು ಇಡೀ ದಿನ ಹಿಂದೆ ಉಳಿದಿರುತ್ತೀರಿ.

ಮಳೆ ಹಿಡಿದ ಮೇಲೆ: ರಾಡಾರ್ ಮತ್ತು ಉಪಗ್ರಹಕ್ಕೆ ಎಷ್ಟು ಬೆಲೆ

ಅಮೆರಿಕದ ಬಯಲುಗಳಲ್ಲಿ ಸುಂಟರಗಾಳಿಗಳ ಸರಣಿ ಎದ್ದಾಗ ಅದನ್ನು ರಾಡಾರ್ ತೆರೆಯ ಮೇಲೆ ನಿಮಿಷ ನಿಮಿಷಕ್ಕೂ ಹಿಂಬಾಲಿಸುವುದನ್ನು ಈಗ ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ಅಲ್ಲಿ ಆ ವಿಧಾನ ಕೆಲಸ ಮಾಡುತ್ತದೆ, ಏಕೆಂದರೆ ನೆಲ ಚಪ್ಪಟೆ, ರಾಡಾರುಗಳ ಜಾಲ ದಟ್ಟ, ಗುಡುಗಿನ ಮೋಡ ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆದಿರುತ್ತದೆ. ಎಚ್ಚರಿಕೆ ಕೊಟ್ಟ ಮೇಲೆ ಸಿಗುವ ಸಮಯ ಮಾತ್ರ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ. ನಮ್ಮ ಮಹಾಮಳೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ದಿನಗಟ್ಟಲೆ ಸಮಯ ಕೊಡುತ್ತದೆ, ಆದರೆ ಪರದೆಯ ಮೇಲೆ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ.

ಕಾರಣ ಸರಳವಾದ ಜ್ಯಾಮಿತಿ. ಕೊಚ್ಚಿಯ ಡಾಪ್ಲರ್ ರಾಡಾರಿನಿಂದ ಮಡಿಕೇರಿಗೆ ನೇರ ಅಂತರ ಸುಮಾರು 280 ಕಿ.ಮೀ. ರಾಡಾರಿನ ಕಿರಣ ನೆಲದಿಂದ ಅರ್ಧ ಡಿಗ್ರಿ ಮೇಲಕ್ಕೆ ಹೊರಟರೂ, ಭೂಮಿಯ ದುಂಡುತನವೂ ಸೇರಿ, ನಮ್ಮ ಮೇಲೆ ಬರುವಷ್ಟರಲ್ಲಿ ಅದು ಸರಿಸುಮಾರು ಏಳು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಆಗಸ್ಟ್‌ನಲ್ಲಿ ಘಟ್ಟದ ಮೇಲೆ ಸುರಿಯುವ ಮಳೆಯ ಬಹುಪಾಲು ಹುಟ್ಟುವುದು ಅದಕ್ಕಿಂತ ಕೆಳಗೆ, ಬೆಟ್ಟಕ್ಕೆ ಗಾಳಿ ಉಜ್ಜಿ ಮೇಲೇರುವಾಗ ಕಟ್ಟಿಕೊಳ್ಳುವ ಗಿಡ್ಡ ಮೋಡಗಳಲ್ಲಿ. ಕಿರಣ ಆ ಮಳೆಯ ನೆತ್ತಿಯ ಮೇಲೆ ಹಾದುಹೋಗಿಬಿಡುತ್ತದೆ. ರಾಡಾರ್ ಹತ್ತಿರದಲ್ಲಿದ್ದರೂ ನಡುವೆ ಬೆಟ್ಟದ ಸಾಲು ಅಡ್ಡ ಬಂದರೆ ಅದರ ಹಿಂದಿನ ಕಣಿವೆ ಕಾಣಿಸುವುದಿಲ್ಲ. ಆದ್ದರಿಂದ ರಾಡಾರ್ ಚಿತ್ರದಲ್ಲಿ ಕೊಡಗಿನ ಮೇಲೆ ಏನೂ ಇಲ್ಲವೆಂದರೆ ಮಳೆ ಇಲ್ಲವೆಂದು ಅರ್ಥವಲ್ಲ.

ಉಪಗ್ರಹದ ಚಿತ್ರಕ್ಕೂ ಇದೇ ಮಿತಿ ಬೇರೆ ರೂಪದಲ್ಲಿದೆ. ಇನ್ಸಾಟ್ ಉಪಗ್ರಹಗಳ ಚಿತ್ರಗಳು ಅರ್ಧ ಗಂಟೆಯೊಳಗೆ ಹೊಸದಾಗುತ್ತಿರುತ್ತವೆ, ರಾತ್ರಿಯೂ ಅವಕೆಂಪು ಚಿತ್ರ ಸಿಗುತ್ತದೆ. ಅಲ್ಲಿ ಬಣ್ಣ ಗಾಢವಾಗಿ ಕಾಣುವುದು ಮೋಡದ ತುದಿ ಎತ್ತರದಲ್ಲಿದ್ದು ತಣ್ಣಗಿದ್ದಾಗ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳ) ಮಳೆಗೆ ಹೊಂದುವುದಿಲ್ಲ, ಏಕೆಂದರೆ ಆ ಮೋಡಗಳ ತುದಿ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ, ಮಂಕು ಬೂದು ಬಣ್ಣದ ಅಡಿಯಲ್ಲೇ ಗಂಟೆಗೆ ಒಂದು ಇಂಚು ಸುರಿಯುತ್ತಿರಬಹುದು. ಉಪಗ್ರಹದ ಚಿತ್ರವನ್ನು ನಾನು ಬಳಸುವುದು ಬೇರೊಂದು ಕೆಲಸಕ್ಕೆ: ಕಾಸರಗೋಡು, ಕಣ್ಣೂರು ತೀರದಾಚೆ ಸಮುದ್ರದ ಮೇಲೆ ದಟ್ಟ ಮೋಡದ ಗುಂಪುಗಳು ಒಂದರ ಹಿಂದೆ ಒಂದು ಸಾಲುಗಟ್ಟಿವೆಯೇ, ಅಥವಾ ಅಲ್ಲಿ ಬಯಲಾಗಿದೆಯೇ ಎಂದು ನೋಡಲು. ಸಮುದ್ರದ ಮೇಲೆ ಬಯಲು ಕಂಡರೆ ಕೆಲವು ಗಂಟೆಗಳ ಬಿಡುವು ಸಿಗಬಹುದೆಂದು ಅಂದಾಜು ಮಾಡಬಹುದು. ಚಿತ್ರದ ಮೇಲಿನ ಸಮಯ ಯುಟಿಸಿಯಲ್ಲಿದ್ದರೆ (ಜಾಗತಿಕ ಸಮಯದಲ್ಲಿದ್ದರೆ) ಐದೂವರೆ ಗಂಟೆ ಕೂಡಿಸಿಕೊಳ್ಳಲು ಮರೆಯಬೇಡಿ. ಮರೆತರೆ ಹಳೆಯ ಮೋಡವನ್ನು ಹೊಸದೆಂದು ನೋಡುತ್ತಾ ಕುಳಿತಿರುತ್ತೀರಿ.

ಹಾಗಾದರೆ ನಂಬಬೇಕಾದದ್ದು ಯಾವುದು? ನೆಲಕ್ಕೆ ಬಿದ್ದ ನೀರನ್ನು ಅಳೆದ ಅಂಕಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನು ಇಟ್ಟಿದೆ, ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ. ಆ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ 92454 33433ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ನಿಮ್ಮ ಭಾಗದ ಮಳೆ ಮತ್ತು ಮುನ್ಸೂಚನೆಯನ್ನು ಕನ್ನಡದಲ್ಲೇ ಕೇಳಬಹುದು. ನಿಮ್ಮ ಪಂಚಾಯಿತಿಯದ್ದಕ್ಕಿಂತ ಮೊದಲು ನಿಮ್ಮಿಂದ ಪಡುವಣಕ್ಕಿರುವ, ನಿಮ್ಮ ಹೊಳೆಯ ಮೇಲ್ಭಾಗದ ಪಂಚಾಯಿತಿಯದ್ದನ್ನು ಕೇಳಿ. ಹವಾಮಾನ ಇಲಾಖೆ ಮೂರು ಗಂಟೆಗಳ ಮಟ್ಟಿಗೆ ಕೊಡುವ ತಕ್ಷಣದ ಮುನ್ಸೂಚನೆಯನ್ನೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್‌ನ ಎಚ್ಚರಿಕೆಯನ್ನೂ ಫೋನಿನಲ್ಲಿ ಇಟ್ಟುಕೊಂಡಿರಿ.

ಮೂರು ಗಂಟೆಗೊಮ್ಮೆ ಬರೆಯುವ ಪುಸ್ತಕ

ಈ ಮಾರ್ಗದರ್ಶಿಯ ಮುಖ್ಯ ಕೆಲಸ ಇದು, ಉಳಿದದ್ದೆಲ್ಲ ಇದಕ್ಕೆ ಪೂರಕ. ರೈನ್‌ಗೇಜನ್ನು ಮರದ ಕೊಂಬೆಯೂ ಸೂರಿನ ನೀರೂ ತಾಗದ ಬಯಲಿನಲ್ಲಿ ಇಡಿ. ಕಾಫಿ ಒಣಗಿಸುವ ಕಣದ ಅಂಚು ಇದಕ್ಕೆ ಒಳ್ಳೆಯ ಜಾಗ. ಗಾಳಿ ಜೋರಾದ ದಿನ ಸಿಲ್ವರ್ ಓಕಿನ ಎಲೆಯೊಂದು ಬಂದು ಆಲಿಕೆಯ ಬಾಯಿಗೆ ಅಂಟಿಕೊಂಡರೂ ಸಾಕು, ನೀರು ಒಳಗಿಳಿಯದೆ ಅಂಚಿನಿಂದ ಚೆಲ್ಲಿಹೋಗಿ ಮೂರು ಇಂಚಿನ ಮಳೆ ಒಂದೂವರೆ ಇಂಚಾಗಿ ಕಾಣುತ್ತದೆ. ಪ್ರತಿ ಸಲವೂ ಮೊದಲು ಬೆರಳಿನಿಂದ ಆಲಿಕೆಯನ್ನು ಸವರಿ, ಆಮೇಲೆ ಅಳೆಯಿರಿ. ಗೇಜ್ ಇಲ್ಲದಿದ್ದರೆ ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಯಾವುದೇ ಪಾತ್ರೆಯಲ್ಲಿ ಸ್ಕೇಲ್ ಇಳಿಸಿ ನೀರಿನ ಎತ್ತರ ಅಳೆದರೂ ನಡೆಯುತ್ತದೆ. ಬುಡ ಕಿರಿದಾದ ಬಕೆಟ್ ಬೇಡ, ಅದು ಲೆಕ್ಕವನ್ನು ಕೆಡಿಸುತ್ತದೆ.

ಸಾಮಾನ್ಯ ದಿನಗಳಲ್ಲಿ ಬೆಳಿಗ್ಗೆ 8.30ಕ್ಕೆ ಒಮ್ಮೆ ನೋಡಿದರೆ ಸಾಕು. ಆರೆಂಜ್ ಅಥವಾ ರೆಡ್ ಇರುವ ದಿನಗಳಲ್ಲಿ ಮೂರು ಗಂಟೆಗೊಮ್ಮೆ ನೋಡಿ, ನೀರು ಚೆಲ್ಲಿ ಗೇಜ್ ಖಾಲಿ ಮಾಡಿ, ಅಂಕಿ ಬರೆಯಿರಿ. ಖಾಲಿ ಮಾಡದೆ ಬಿಟ್ಟರೆ ದೊಡ್ಡ ಮಳೆಯಲ್ಲಿ ಗೇಜ್ ತುಂಬಿ ಹರಿದು ಅತ್ಯಂತ ಮುಖ್ಯವಾದ ರಾತ್ರಿಯ ಲೆಕ್ಕವೇ ಕೈತಪ್ಪುತ್ತದೆ. ಪುಸ್ತಕದಲ್ಲಿ ಮೂರು ಸಾಲು ಇರಲಿ: ಈ ಮೂರು ಗಂಟೆಯ ಮಳೆ, ಹಿಂದಿನ 24 ಗಂಟೆಯ ಮೊತ್ತ, ಹಿಂದಿನ 72 ಗಂಟೆಯ ಮೊತ್ತ.

ಮೂರನೆಯ ಸಾಲನ್ನು ಯಾಕೆ ಬಿಡಬಾರದು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮೊದಲ ದಿನ 3 ಇಂಚು 20 ಸೆಂಟ್, ಎರಡನೇ ದಿನ 4 ಇಂಚು 10 ಸೆಂಟ್, ಮೂರನೇ ದಿನ 2 ಇಂಚು 60 ಸೆಂಟ್ ಬಿತ್ತು ಎಂದುಕೊಳ್ಳಿ. ಮೂರನೇ ದಿನದ ಅಂಕಿಯನ್ನಷ್ಟೇ ನೋಡಿದವರು ಮಳೆ ಇಳಿಯಿತು ಎಂದು ಹೇಳುತ್ತಾರೆ. 72 ಗಂಟೆಯ ಮೊತ್ತ ನೋಡಿದವರಿಗೆ ಅದು 9 ಇಂಚು 90 ಸೆಂಟಿಗೆ ಏರಿದ್ದು, ನೆಲದೊಳಗೆ ನೀರು ಹಿಂದೆಂದಿಗಿಂತ ಹೆಚ್ಚಾಗಿರುವುದು ತಿಳಿಯುತ್ತದೆ. ಬರೆ ಜಾರುವುದು ಆ ಹೊತ್ತಿನ ಮಳೆಯ ಸದ್ದಿಗೆ ಅಲ್ಲ, ಮಣ್ಣಿನ ಸಂದುಗಳಲ್ಲಿ ತುಂಬಿಕೊಂಡ ನೀರಿನ ಒತ್ತಡಕ್ಕೆ. ಹಾಗೆ ತುಂಬಿಕೊಂಡಿರುವ ನೆಲದ ಮೇಲೆ ಮೂರೇ ಗಂಟೆಯಲ್ಲಿ ಇನ್ನೆರಡು ಇಂಚು ಸುರಿದರೆ ಪರಿಸ್ಥಿತಿ ಕೈಮೀರಬಹುದು. ಎಷ್ಟು ಇಂಚಿಗೆ ಮನೆ ಬಿಡಬೇಕೆಂಬ ಒಂದೇ ಅಂಕಿಯನ್ನು ಇಡೀ ಕೊಡಗಿಗೆ ಕೊಡಲಾಗದು, ಸುರ್ಲಬ್ಬಿಯ ನೆಲ ಸಹಿಸುವ ಮಳೆಯನ್ನು ಶನಿವಾರಸಂತೆಯ ನೆಲ ಸಹಿಸುವುದಿಲ್ಲ. 2018ರ ಪುಟವನ್ನು ನಕಲು ಮಾಡಿಕೊಳ್ಳಿ ಎಂದದ್ದು ಇದಕ್ಕಾಗಿಯೇ. ಆಗ ನಿಮ್ಮ ಸುತ್ತ ಮಣ್ಣು ಜಾರಿದ ದಿನದ 72 ಗಂಟೆಯ ಮೊತ್ತ ಎಷ್ಟಿತ್ತೋ ಅದರ ಅರ್ಧವನ್ನು ಸಾಮಾನು ಕಟ್ಟಿಡುವ ಗೆರೆಯಾಗಿ, ಮುಕ್ಕಾಲನ್ನು ಹೊರಡುವ ಗೆರೆಯಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಇದು ವಿಜ್ಞಾನದ ಸೂತ್ರವಲ್ಲ, ಮಳೆಯ ನಡುವೆ ನಿಂತು ವಾದ ಮಾಡುವುದನ್ನು ತಪ್ಪಿಸಲು ಬೇಸಿಗೆಯಲ್ಲೇ ಮಾಡಿಕೊಳ್ಳುವ ಒಪ್ಪಂದ. ಕಡಿದ ಬರೆಯ ಬುಡದಲ್ಲೇ ಮನೆ ಇದ್ದರೆ ಎರಡೂ ಗೆರೆಗಳನ್ನು ಇನ್ನೂ ಕೆಳಗಿಳಿಸಿ.

ಒಬ್ಬರದೇ ಗೇಜ್ ಸಾಲದು. ಘಟ್ಟದ ಅಂಚಿನಲ್ಲಿ ಇಬ್ಬರು, ನಿಮ್ಮ ಹೊಳೆಯ ಮೇಲ್ಭಾಗದಲ್ಲಿ ಇಬ್ಬರು ಪರಿಚಯದವರನ್ನು ಗೊತ್ತು ಮಾಡಿಕೊಳ್ಳಿ. ಕರೆ ಮಾಡಿದಾಗ ‘ಅಣ್ಣ, ನಿಮ್ಮಲ್ಲಿ ಮಳೆ ಹೇಗಿದೆ’ ಎಂದು ಕೇಳಿದರೆ ‘ಜೋರಿದೆ’ ಎಂಬ ಉತ್ತರವಷ್ಟೇ ಸಿಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ಅಣ್ಣ, ಆರರಿಂದ ಒಂಬತ್ತರವರೆಗೆ ಎಷ್ಟು ಸೆಂಟ್ ಬಿತ್ತು’ ಎಂದು ಕೇಳಿ.

ಹೊಳೆಯ ಲೆಕ್ಕ

ಕಾವೇರಿ ದಡದಲ್ಲಿರುವವರು ಭಾಗಮಂಡಲದಲ್ಲಿ ನೀರು ರಸ್ತೆಗೆ ಬಂತೇ ಎಂಬುದರಿಂದ ಶುರುಮಾಡಬೇಕು. ತ್ರಿವೇಣಿ ಸಂಗಮದಲ್ಲಿ ನೀರು ಏರಿದ ಹೊತ್ತು, ಬೇತ್ರಿ ಸೇತುವೆಯ ಕಂಬದಲ್ಲಿ ಏರಿದ ಹೊತ್ತು, ನಿಮ್ಮ ದಡದಲ್ಲಿ ಏರಿದ ಹೊತ್ತು ಈ ಮೂರನ್ನು ಒಂದೆರಡು ಮಳೆಗಾಲ ಬರೆದಿಟ್ಟರೆ ಮೇಲಿನ ನೀರು ನಿಮ್ಮಲ್ಲಿಗೆ ಬರಲು ಹಿಡಿಯುವ ಸಮಯ ನಿಮಗೇ ತಿಳಿಯುತ್ತದೆ. ಕೇಂದ್ರ ಜಲ ಆಯೋಗವು ಕೂಡಿಗೆಯಲ್ಲಿ ಕಾವೇರಿಯ ಮಟ್ಟವನ್ನು ಅಳೆಯುತ್ತದೆ. ಅಂಕಿಗಿಂತ ಅದು ಗಂಟೆಗೆ ಎಷ್ಟು ಏರುತ್ತಿದೆ ಎಂಬುದು ಮುಖ್ಯ.

ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ಸಂಗ್ರಹ ಸುಮಾರು 8.5 ಟಿಎಂಸಿ. ಒಳಹರಿವು ದಿನವಿಡೀ 11,574 ಕ್ಯೂಸೆಕ್ ಇದ್ದರೆ ಒಂದು ಟಿಎಂಸಿ ತುಂಬುತ್ತದೆ ಎಂಬ ಲೆಕ್ಕ ನೆನಪಿರಲಿ. ಜಲಾಶಯದಲ್ಲಿ ಒಂದು ಟಿಎಂಸಿಯಷ್ಟೇ ಜಾಗ ಉಳಿದಿದ್ದು ಒಳಹರಿವು 20 ಸಾವಿರ ದಾಟಿದ್ದರೆ ಅರ್ಧ ದಿನದ ಆಸುಪಾಸಿನಲ್ಲಿ ಬಂದದ್ದನ್ನೆಲ್ಲ ಹೊರಬಿಡಲೇಬೇಕಾಗುತ್ತದೆ. ಹಾರಂಗಿ ಕಾವೇರಿಯನ್ನು ಸೇರುವುದು ಕುಶಾಲನಗರದ ಕೆಳಗೆ, ಕೂಡಿಗೆಯಲ್ಲಿ. ಎರಡೂ ಒಟ್ಟಿಗೆ ತುಂಬಿ ಬಂದಾಗ ಸಂಗಮದಲ್ಲಿ ಕಾವೇರಿಯ ನೀರಿಗೆ ಮುಂದೆ ಸಾಗಲು ಇಕ್ಕಟ್ಟಾಗುತ್ತದೆ ಎಂಬುದನ್ನೂ ಅಲ್ಲಿಯವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬರೆಯನ್ನು ಓದುವುದು

ಪರದೆಯನ್ನು ಬಿಟ್ಟು ಹೊರಗೆ ಬರಬೇಕಾದ ಹಂತ ಇದು. ಹಗಲು ಬೆಳಕಿರುವಾಗ ದಿನಕ್ಕೆ ಎರಡು ಬಾರಿ, ಬರೆಯ ಬುಡದಲ್ಲಿ ನಿಲ್ಲದೆ, ಪಕ್ಕದಿಂದ ನೋಡಿ. ನೆಟ್ಟಗೆ ನಿಂತಿದ್ದ ಸಿಲ್ವರ್ ಓಕ್ ಮೆಣಸಿನ ಬಳ್ಳಿಯ ಸಮೇತ ಒಂದು ಕಡೆಗೆ ವಾಲಿದೆಯೇ? ಸಾಲಾಗಿ ನೆಟ್ಟ ಕಾಫಿ ಗಿಡಗಳ ಸಾಲು ಒಂದು ಕಡೆ ಬಿಲ್ಲಿನಂತೆ ಬಾಗಿದೆಯೇ? ಮೇಲಿನ ದಾರಿಯಲ್ಲಿ ಅರ್ಧಚಂದ್ರಾಕಾರದ ಬಿರುಕು ಮೂಡಿದೆಯೇ? ಬಿರುಕು ಕಂಡರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರವನ್ನು ಅಳೆದು ಬರೆದಿಡಿ. ಮರುದಿನ ಆ ಅಂತರ ಬೆಳೆದಿದ್ದರೆ ಗುಡ್ಡ ಚಲಿಸುತ್ತಿದೆ ಎಂದೇ ಅರ್ಥ, ಆಮೇಲೆ ಮೂರನೆಯ ಅಳತೆಗೆ ಕಾಯಬೇಡಿ.

ಮನೆಯೊಳಗೂ ಲಕ್ಷಣಗಳಿವೆ. ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಕಚ್ಚಿಕೊಳ್ಳುವುದು, ನೆಲದ ಸಿಮೆಂಟಿನಲ್ಲಿ ಹೊಸ ಗೆರೆ ಕಾಣುವುದು, ತಡೆಗೋಡೆ ಹೊಟ್ಟೆ ಬಿಟ್ಟಂತೆ ಮುಂದಕ್ಕೆ ಬರುವುದು. ನೀರಿನ ವಿಷಯದಲ್ಲಿ ಎರಡು ವಿರುದ್ಧ ಲಕ್ಷಣಗಳೂ ಅಪಾಯದವೇ. ಎಂದೂ ಒಸರು ಇಲ್ಲದ ಜಾಗದಲ್ಲಿ ಕೆಂಪು ನೀರು ಬುಗ್ಗೆಯಾಗಿ ಏಳುವುದು ಒಂದು. ಮಳೆ ಸುರಿಯುತ್ತಲೇ ಇದ್ದರೂ ಮನೆ ಪಕ್ಕದ ತೋಡಿನ ನೀರು ಹಠಾತ್ತನೆ ತಗ್ಗುವುದು ಇನ್ನೊಂದು. ಮೇಲೆಲ್ಲೋ ಮಣ್ಣು ಮರಗಳು ಬಿದ್ದು ತೋಡಿಗೆ ಕಟ್ಟೆ ಕಟ್ಟಿಕೊಂಡಾಗ ಹೀಗಾಗುತ್ತದೆ, ಆ ಕಟ್ಟೆ ಒಡೆದಾಗ ನೀರು, ಕಲ್ಲು, ಮರ ಎಲ್ಲವೂ ಒಟ್ಟಿಗೆ ಇಳಿದು ಬರುತ್ತವೆ. ನೀರು ಕಡಿಮೆಯಾಯಿತೆಂದು ತೋಡಿಗೆ ಇಳಿದು ನೋಡುವ ಕುತೂಹಲ ಬೇಡ. ತಕ್ಷಣ ಹೊರಡಿ, ಹೊರಡುವಾಗ ತೋಡಿನ ದಾರಿ ಹಿಡಿಯದೆ ಪಕ್ಕದ ಏಣಿನ (ಗುಡ್ಡದ ಎತ್ತರದ ಬೆನ್ನಿನ) ಕಡೆಗೆ ಹೋಗಿ.

ತೀರ್ಮಾನಕ್ಕೆ ಗಡುವು ಸಂಜೆ ನಾಲ್ಕು ಗಂಟೆ. ಆ ಹೊತ್ತಿಗೆ 72 ಗಂಟೆಯ ಮೊತ್ತ ನಿಮ್ಮ ಗೆರೆಯ ಹತ್ತಿರ ಬಂದಿದ್ದು ರಾತ್ರಿಗೂ ಮಳೆಯ ಸೂಚನೆ ಇದ್ದರೆ, ಗೆರೆ ಮುಟ್ಟಲಿ ಎಂದು ಕಾಯದೆ, ಬೆಳಕಿರುವಾಗಲೇ ನೆಂಟರ ಮನೆಗೋ ಕಾಳಜಿ ಕೇಂದ್ರಕ್ಕೋ ಹೊರಡಿ. ಕತ್ತಲಲ್ಲಿ ಬಿರುಕು ಕಾಣುವುದಿಲ್ಲ, ಮಳೆಯ ಸದ್ದಿನಲ್ಲಿ ಮಣ್ಣು ಜಾರುವ ಸದ್ದು ಕೇಳುವುದಿಲ್ಲ. ತೋಟದ ಮಾಲೀಕರಿಗೆ ಇಲ್ಲಿ ಇನ್ನೊಂದು ಹೊಣೆಯೂ ಇದೆ. ಲೈನ್ ಮನೆಗಳು (ತೋಟದ ಕಾರ್ಮಿಕರ ಸಾಲು ಮನೆಗಳು) ಎಷ್ಟೋ ಕಡೆ ತೋಡಿನ ಪಕ್ಕದಲ್ಲೋ ಬರೆಯ ಬುಡದಲ್ಲೋ ಇರುತ್ತವೆ, ಅಲ್ಲಿರುವವರಲ್ಲಿ ಈ ಊರಿನ ಮಳೆಯನ್ನು ಮೊದಲ ಬಾರಿ ನೋಡುತ್ತಿರುವವರೂ ಇರಬಹುದು. ನಿಮ್ಮ ಪುಸ್ತಕದ ಲೆಕ್ಕ ಅವರಿಗೂ ಅನ್ವಯಿಸುತ್ತದೆ, ಮೊದಲು ಹೊರಡಬೇಕಾದವರು ಅವರು.

ಕರೆಂಟ್ ಹೋದ ಮೇಲೆ

ದೊಡ್ಡ ಮಳೆಯಲ್ಲಿ ಮೊದಲು ಕರೆಂಟ್, ಆಮೇಲೆ ಮೊಬೈಲ್ ಟವರ್ ಹೋಗುತ್ತದೆ. ಆದ್ದರಿಂದ ಇಂಟರ್‌ನೆಟ್ ಇರುವಾಗಲೇ ಮುಂದಿನ ಎರಡು ದಿನಗಳ ಮುನ್ಸೂಚನೆಯನ್ನು ಕಾಗದಕ್ಕೆ ಬರೆದುಕೊಳ್ಳಿ. ಬ್ಯಾಟರಿ ರೇಡಿಯೊ ಒಂದಿರಲಿ, ಮಡಿಕೇರಿ ಆಕಾಶವಾಣಿ 103.1 ಎಫ್‌ಎಂನಲ್ಲಿ ಸಿಗುತ್ತದೆ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಕರೆಗೆ 112. ಇವನ್ನು ಫೋನಿನಲ್ಲಿ ಮಾತ್ರವಲ್ಲ, ಗೋಡೆಯ ಮೇಲೂ ಬರೆದಿಡಿ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ವಿಡಿಯೊಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೋಡುಪಾಲದ 2018ರ ದೃಶ್ಯಗಳು ಪ್ರತಿ ಆಗಸ್ಟ್‌ನಲ್ಲೂ ‘ಈಗಷ್ಟೇ’ ಎಂಬ ಒಕ್ಕಣೆಯೊಂದಿಗೆ ಮರಳಿ ಬರುತ್ತವೆ. ಯಾವ ಊರು, ಯಾವ ದಿನ, ಎಷ್ಟು ಹೊತ್ತಿಗೆ ಎಂಬ ಮೂರೂ ವಿವರ ಇಲ್ಲದ ಸುದ್ದಿಯನ್ನು ಮುಂದಕ್ಕೆ ಕಳಿಸಬೇಡಿ. ನೀವು ಕಳಿಸುವ ಸುದ್ದಿಯಲ್ಲಿ ಆ ಮೂರೂ ಇರಲಿ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟ ರಸ್ತೆಯಲ್ಲೋ ಹೋಗಬೇಕಾದವರು ಹೊರಡುವ ಮುನ್ನ ಪೊಲೀಸ್ ಇಲಾಖೆಯ ಆ ದಿನದ ಪ್ರಕಟಣೆಯನ್ನು ನೋಡಲೇಬೇಕು.

ಮಳೆ ಬಿಟ್ಟ ಮೇಲೆ

ಬಿಸಿಲು ಕಂಡ ಕೂಡಲೇ ಮನೆಗೆ ಮರಳುವ ಆತುರ ಸಹಜ, ಮನೆಯಲ್ಲಿ ದನಕರು, ನಾಯಿ ಇರುತ್ತವೆ. ಆದರೆ ಮೇಲ್ಮೈಯ ನೀರು ಬೇಗ ಹರಿದುಹೋದರೂ ನೆಲದೊಳಗೆ ಇಳಿದ ನೀರು ದಿನಗಟ್ಟಲೆ ಅಲ್ಲೇ ಇರುತ್ತದೆ. 72 ಗಂಟೆಯ ಸಾಲು ಇಳಿಯತೊಡಗಿ ನಿಮ್ಮ ಕೆಳಗಿನ ಗೆರೆಯನ್ನೂ ದಾಟಿ ಕೆಳಗೆ ಬರುವವರೆಗೆ, ತೋಡಿನ ನೀರು ಕೆಂಪು ಬಿಟ್ಟು ತಿಳಿಯಾಗುವವರೆಗೆ, ಗೂಟಗಳ ನಡುವಿನ ಅಂತರ ಎರಡು ಹಗಲು ಬದಲಾಗದೆ ಇರುವವರೆಗೆ ರಾತ್ರಿ ಅಲ್ಲಿ ಮಲಗಬೇಡಿ. ಹಗಲಿನಲ್ಲಿ ಹೋಗಿ ದನಗಳಿಗೆ ಹುಲ್ಲು ಹಾಕಿ ಬರಬಹುದು, ಒಬ್ಬರು ಹೊರಗೆ ನಿಂತು ಬರೆಯನ್ನು ನೋಡುತ್ತಿರಬೇಕು.

ಮರಳಿದ ಮೇಲೆ ಬಿರುಕುಗಳಿಗೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಮೆಟ್ಟಿ, ಮೇಲೆ ಟಾರ್ಪಾಲ್ ಹೊದಿಸಿ, ಮೇಲಿನಿಂದ ಬರುವ ನೀರನ್ನು ಪಕ್ಕದ ಚರಂಡಿಗೆ ತಿರುಗಿಸಿ, ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ. ಮೂರು ಗಂಟೆಯ ಅಂಕಿಗಳನ್ನು ತೋಟದ ದೊಡ್ಡ ಪುಸ್ತಕಕ್ಕೆ ಇಳಿಸುವಾಗ ಎಲ್ಲಿ, ಎಷ್ಟು ಹೊತ್ತಿಗೆ ಮಣ್ಣು ಜಾರಿತು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರಿ. ಆಗಸ್ಟ್ ಕೊನೆಯಲ್ಲಿ ಇನ್ನೊಂದು ವಾಯುಭಾರ ಕುಸಿತ ಬಂದರೆ ಹಳೆಯ ಗೆರೆಗಳನ್ನು ಬಳಸಬೇಡಿ. ಒಮ್ಮೆ ಬಿರುಕು ಬಿಟ್ಟ ಬರೆಗೆ ಅವು ಹೊಂದುವುದಿಲ್ಲ, ಎರಡನ್ನೂ ಇನ್ನಷ್ಟು ಕೆಳಗಿಳಿಸಿ ಹೊಸದಾಗಿ ಬರೆದುಕೊಳ್ಳಿ.